ಸೆರಗು ಸರಿಸಿದ ರಾಣಿ

ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದವರು ಪಡುಗೋಡೆಯ ಯುದ್ಧಚಿತ್ರವನ್ನು ಮರೆಯುವುದಿಲ್ಲ. ಮೂಡುಗೋಡೆಯ ಮುಂದೆ ಅಷ್ಟು ಹೊತ್ತು ನಿಲ್ಲುವವರು ಕಡಮೆ. ಅಲ್ಲಿ ಚಿತ್ರದುರ್ಗದ ಮದಕರಿನಾಯಕ, ಮಾಗಡಿಯ ಕೆಂಪೇಗೌಡ ಮೊದಲಾದ ಅರಸರು ಸಾಲಾಗಿ ಒಡ್ಡೋಲಗ ನಡೆಸಿದ್ದಾರೆ. ಅವರ ನಡುವೆ ಒಬ್ಬ ರಾಣಿಯೂ ಇದ್ದಾಳೆ. ಆದರೆ ಗೋಡೆಯ ಚಿತ್ರಕಾರನು ಬರೆದದ್ದು ರಾಣಿತನವನ್ನು. ಎದುರಿಗೆ ಕುಳಿತ ಒಬ್ಬ ಹೆಂಗಸಿನ ಮುಖವನ್ನಲ್ಲ. ಒಬ್ಬ ರಾಣಿಯ ಭಾವಚಿತ್ರ ನಮಗೆ ನಿಜವಾಗಿ ಏನನ್ನು ಹೇಳಬಲ್ಲದು? ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಆ ಗೋಡೆಯ ಮುಂದೆಯೇ.

ಅದೇ ಕಟ್ಟಡದಲ್ಲಿ ಟೀಪುವಿನ ಮಕ್ಕಳ ರೇಖಾಚಿತ್ರಗಳಿವೆ. ಬರೆದವನು ತಾಮಸ್ ಹಿಕಿ. 1741ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿದವನು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದು ಗೆದ್ದವರನ್ನೂ ಸೋತವರನ್ನೂ ಚಿತ್ರಿಸಿದವನು. ದಿವಾನ್ ಪೂರ್ಣಯ್ಯನವರ ಮುಖವನ್ನು ನಾವು ಬಲ್ಲೆವಾದರೆ ಅದಕ್ಕೆ ಇವನ ಕುಂಚವೂ ಕಾರಣ. ಹಿಕಿ ಹಿಂದೂಸ್ಥಾನಕ್ಕೆ ನೇರವಾಗಿ ಬಂದವನಲ್ಲ. 1780ರಲ್ಲಿ ಹೊರಟ ಅವನ ಹಡಗನ್ನು ಫ್ರೆಂಚರು ಮತ್ತು ಸ್ಪೇನಿನವರು ಹಿಡಿದರು. ಬಿಡುಗಡೆಯಾದ ಅವನು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಸೇರಿ, ಅಲ್ಲಿ ಕೆಲವು ವರ್ಷ ಚಿತ್ರ ಬರೆದುಕೊಂಡಿದ್ದು, 1784ರಲ್ಲಿ ಇತ್ತ ಬಂದನು.

ಆಗ ಲಿಸ್ಬನ್ನಿನಲ್ಲಿ ಆಳುತ್ತಿದ್ದವಳು ಒಂದನೆಯ ಮರಿಯಾ. ನಮ್ಮ ನೆರೆಯ ಗೋವೆಗೂ ಆಕೆಯೇ ಒಡತಿ. 1777ರಲ್ಲಿ ಪಟ್ಟವೇರಿದ ಈಕೆಯ ಭಾವಚಿತ್ರಗಳು ಅನೇಕ ಉಳಿದಿವೆ. ನಾನು ಕಂಡದ್ದು ಅಚ್ಚಿನ ಪ್ರತಿಗಳನ್ನು ಮಾತ್ರ. ರೇಷ್ಮೆ, ರತ್ನ, ರಾಜಚಿಹ್ನೆ, ಇವುಗಳ ನಡುವೆ ಶಾಂತವಾದ ಮುಖ. ಆ ಮುಖದ ಮುಂದೆ ಏನು ಕಾದಿತ್ತೆಂದು ಚಿತ್ರ ಹೇಳುವುದಿಲ್ಲ. 1788ರ ಸೆಪ್ಟೆಂಬರಿನಲ್ಲಿ ಆಕೆಯ ಹಿರಿಯ ಮಗ, ಯುವರಾಜ ಜೋಸೆ, 27ನೆಯ ವಯಸ್ಸಿನಲ್ಲಿ ಸಿಡುಬಿನಿಂದ ತೀರಿಕೊಂಡ. ಎರಡೇ ತಿಂಗಳಲ್ಲಿ ಸ್ಪೇನಿಗೆ ಕೊಟ್ಟಿದ್ದ ಮಗಳೂ ಅದೇ ಬೇನೆಗೆ ತುತ್ತಾದಳು. ಸಿಡುಬಿನ ಕೀವನ್ನೇ ಅಲ್ಪವಾಗಿ ಮೈಗೆ ಸೇರಿಸಿ, ಸಣ್ಣ ಬೇನೆಯಿಂದ ದೊಡ್ಡದನ್ನು ತಡೆಯುವ ಉಪಾಯ ಯೂರೋಪಿಗೆ ಆಗಲೇ ತಿಳಿದಿತ್ತು. ಅದರಲ್ಲಿ ಪ್ರಾಣಾಪಾಯವೂ ಇತ್ತು. ಧರ್ಮಭೀರುವಾದ ತಾಯಿ ಮಗನಿಗೆ ಅದನ್ನು ಮಾಡಿಸಲು ಒಪ್ಪಲಿಲ್ಲವೆಂದು ಹೇಳುತ್ತಾರೆ. 1792ರ ಹೊತ್ತಿಗೆ ರಾಣಿಯ ಚಿತ್ತ ಕದಡಿಹೋಯಿತು, ಮತ್ತೆ ತಿಳಿಯಾಗಲಿಲ್ಲ.

ಆ ತಾಯಿಯನ್ನು ಹಳಿಯಲು ನಮಗೇನು ಅಧಿಕಾರ? ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿಯೂ ಸಿಡುಬು ಬರಿಯ ರೋಗವಾಗಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಮೈಮೇಲೆ ಬಂದ ದೇವಿಯನ್ನು ಉಪಚರಿಸಿ ಕಳುಹಿಸಬೇಕೇ ಹೊರತು ಬಾಗಿಲಲ್ಲೇ ತಡೆಯಬಹುದೆ?

1796ರಲ್ಲಿ ಇಂಗ್ಲೆಂಡಿನ ವೈದ್ಯ ಜೆನ್ನರ್, ದನಗಳ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಈ ದಾಕು ಹಾಕಿದರು. ಈ ದೇಶದಲ್ಲಿ ಅದೇ ಮೊದಲು ಹಿಡಿದದ್ದು. ಆಗ ಔಷಧಿಯನ್ನು ಕಾದಿಡುವ ಸಾಧನವಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ರಸ ತೆಗೆದು ಇನ್ನೊಂದರ ತೋಳಿಗೆ ಹಾಕಬೇಕು. ದೀಪದಿಂದ ದೀಪ ಹಚ್ಚಿದಂತೆ ಅದು ಊರಿಂದೂರಿಗೆ ನಡೆಯಬೇಕು. ಯಾವ ಜಾತಿಯ ಮಗುವಿನ ರಸ ಯಾವ ಜಾತಿಯ ಮೈಗೆ ಎಂಬ ಶಂಕೆಯೇ ಜನರನ್ನು ಹಿಂಜರಿಸಿತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಇಗರ್ಜಿ ಕಟ್ಟಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾ ಈ ಕೆಲಸಕ್ಕೆ ಟೊಂಕ ಕಟ್ಟಿದ. 1803-04ರಲ್ಲಿ ಆತನ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ದಾಕು ಹಾಕಿದ ಲೆಕ್ಕವಿದೆ.

ಈಗ ಹಿಕಿಯ ಬಳಿಗೆ ಮರಳೋಣ. 1805ರ ಸುಮಾರಿಗೆ ಅವನು ಮೂವರು ಸ್ತ್ರೀಯರ ಒಂದು ದೊಡ್ಡ ತೈಲಚಿತ್ರವನ್ನು ಬರೆದ. ಬಹುಕಾಲ ಅದನ್ನು ಯಾರೋ ನರ್ತಕಿಯರ ಚಿತ್ರವೆಂದೇ ತಿಳಿದಿದ್ದರು. 2001ರಲ್ಲಿ ಪ್ರಕಟವಾದ ಲೇಖನದಲ್ಲಿ ನೈಜೆಲ್ ಚಾನ್ಸಲರ್ ಎಂಬ ಇತಿಹಾಸಕಾರರು ಅದನ್ನು ಬೇರೆಯಾಗಿ ಓದಿದರು. ಅವರ ಮತದಂತೆ ಇವರು ಮೈಸೂರಿನ ರಾಜಸ್ತ್ರೀಯರು. ಬಲಗಡೆಯವಳು ಬಾಲರಾಜ ಮುಮ್ಮಡಿ ಕೃಷ್ಣರಾಜರ ಎಳೆಯ ರಾಣಿ ದೇವಾಜಮ್ಮಣ್ಣಿ. ಎಡಗಡೆಯವಳು ಅದೇ ಹೆಸರಿನ ಮೊದಲ ರಾಣಿ. ಎಡಗಡೆಯವಳ ಮೂಗು, ಬಾಯಿಗಳ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯ ಗುರುತು. ಬಲಗಡೆಯವಳು ಸೆರಗು ಸರಿಸಿ, ಬಲಗೈಯಿಂದ ತನ್ನ ಎಡತೋಳನ್ನು ತೋರುತ್ತಿದ್ದಾಳೆ. ಅದು ಹೊಸ ದಾಕಿನ ಜಾಗ.

ಈ ಓದನ್ನು ಒಪ್ಪಿದರೆ ಚಿತ್ರದ ಹಿಂದೆ ಒಬ್ಬ ಹಿರಿಯ ಹೆಣ್ಣಿನ ನೆರಳು ಕಾಣುತ್ತದೆ. ಹೈದರ್ ಮತ್ತು ಟೀಪುವಿನ ಕಾಲವನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಂತೆ ಕಳೆದು, ರಾಜ್ಯವನ್ನು ಮರಳಿ ಪಡೆದ ಲಕ್ಷ್ಮಮ್ಮಣ್ಣಿಯವರ ಸಮ್ಮತಿಯಿಲ್ಲದೆ ಅರಮನೆಯ ಹೆಣ್ಣುಮಕ್ಕಳು ಪರದೇಶದ ಚಿತ್ರಕಾರನೆದುರು ನಿಲ್ಲುವುದು ಸಾಧ್ಯವಿತ್ತೆ? ಅರಸುಮನೆಯೊಳಗೇ ದಾಕು ಬಂತೆಂದರೆ ಪ್ರಜೆಗಳ ಭಯ ಹಿಂಗುತ್ತದೆ. ಇದರಿಂದ ಕಂಪನಿ ಸರ್ಕಾರಕ್ಕೂ ಲಾಭವಿತ್ತು, ನಿಜ. ಹನ್ನೆರಡರ ಆಸುಪಾಸಿನ ಆ ಹುಡುಗಿಯ ಇಷ್ಟವನ್ನು ಯಾರಾದರೂ ಕೇಳಿದರೆ ಎಂಬ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ. ಆದರೂ ಲಿಸ್ಬನ್ನಿನ ರಾಣಿಯ ಚಿತ್ರದಲ್ಲಿ ಪದವಿಯೇ ಎಲ್ಲವನ್ನೂ ಮುಚ್ಚಿದೆ. ಮೈಸೂರಿನ ರಾಣಿಯ ಚಿತ್ರದಲ್ಲಿ ಒಂದಿಷ್ಟು ಬರಿಯ ತೋಳು ಪದವಿಗಿಂತ ಹೆಚ್ಚು ಮಾತಾಡುತ್ತದೆ.

1977ರಲ್ಲಿ ಭಾರತವೂ 1980ರಲ್ಲಿ ಜಗತ್ತೂ ಸಿಡುಬಿನಿಂದ ಮುಕ್ತವಾದುವೆಂದು ಸಾರಲಾಯಿತು. ನನ್ನ ಎಡತೋಳಿನಲ್ಲಿ ಎರಡು ದಾಕಿನ ಕಲೆಗಳಿವೆ. ಮೊಮ್ಮಕ್ಕಳ ತೋಳಿನಲ್ಲಿ ಅವು ಇಲ್ಲ. ಇದೇನು ಎಂದು ಬೆರಳಿಟ್ಟು ಕೇಳುತ್ತಾರೆ. ಆಗೆಲ್ಲ ನಾನೂ ಅರಿಯದೆ ತೋಳಿನ ಬಟ್ಟೆಯನ್ನು ಸ್ವಲ್ಪ ಮೇಲೆ ಸರಿಸುತ್ತೇನೆ.