ಕುತ್ತಿಗೆಯ ಎಂಆರ್‌ಐಗೆ ಅಕ್ಕಿ ಚೀಲವೇಕೆ?

ಪ್ರಶ್ನೆ: ಕುತ್ತಿಗೆಯ ಎಂಆರ್‌ಐ ತೆಗೆಯುವಾಗ ಸುತ್ತ ಅಕ್ಕಿ ಚೀಲ ಇಡುವುದುಂಟಂತೆ. ನಿಜವೇ?

ಉತ್ತರ: ನಿಜ, ಸಂಶೋಧಕರು ಹಾಗೆ ಮಾಡಿ ನೋಡಿದ್ದಾರೆ. ಚಿತ್ರದಲ್ಲಿ ಬೆಳ್ಳಗೆ ಹೊಳೆಯುವ ಕೊಬ್ಬು ಪಕ್ಕದ ಬಾವು, ಗೆಡ್ಡೆಗಳನ್ನು ಮರೆಮಾಡುತ್ತದೆ, ಅದನ್ನು ಅಡಗಿಸಬೇಕು. 1.5 ಟೆಸ್ಲಾ ಯಂತ್ರದಲ್ಲಿ ನೀರು ಮತ್ತು ಕೊಬ್ಬಿನ ಕಂಪನಾಂಕಗಳ ಅಂತರ ಸುಮಾರು 220 ಹರ್ಟ್ಸ್ ಮಾತ್ರ. ಆ ಅಂತರವನ್ನೇ ನೆಚ್ಚಿ ಯಂತ್ರ ಕೊಬ್ಬಿನ ಸಂಕೇತವನ್ನು ಅಳಿಸುತ್ತದೆ. ಆದರೆ ತಲೆಗೂ ಭುಜಕ್ಕೂ ನಡುವೆ ಕುತ್ತಿಗೆ ಥಟ್ಟನೆ ಕಿರಿದಾಗುತ್ತದೆ, ಒಳಗೆ ಗಾಳಿ ತುಂಬಿದ ಶ್ವಾಸನಾಳವಿದೆ. ಅಲ್ಲಿ ಕಾಂತಕ್ಷೇತ್ರ ಏರುಪೇರಾಗಿ ಕೊಬ್ಬು ಉಳಿಯುತ್ತದೆ, ಕೆಲವೊಮ್ಮೆ ನೀರೇ ಅಳಿಯುತ್ತದೆ. ಅಕ್ಕಿ ಕಾಂತಗುಣದಲ್ಲಿ ಗಾಳಿಗಿಂತ ದೇಹಕ್ಕೆ ಹತ್ತಿರ, ಚಿತ್ರದಲ್ಲಿ ತಾನು ಬಹುತೇಕ ಕಾಣದು. ಸುತ್ತಲಿನ ಗಾಳಿಯ ಜಾಗವನ್ನು ಅದು ತುಂಬಿದರೆ ಏರುಪೇರು ದೇಹದಿಂದಾಚೆ ಸರಿಯುತ್ತದೆ. ಶ್ವಾಸನಾಳದ ಗಾಳಿಗೆ ಮಾತ್ರ ಅದು ಮದ್ದಲ್ಲ.

ಕಂಪನಾಂಕದ ಹಂಗಿಲ್ಲದ ಸ್ಟಿರ್ ವಿಧಾನ ಇರುವಾಗ ಚೀಲವೇಕೆ ಎನ್ನಬಹುದು. ಅದರಲ್ಲಿ ಸಂಕೇತ ಕ್ಷೀಣ. ಮೇಲಾಗಿ ಗ್ಯಾಡೊಲಿನಿಯಂ ಕೊಟ್ಟ ಮೇಲೆ, ಆ ಔಷಧ ಹೀರಿದ ಗೆಡ್ಡೆಯನ್ನೂ ಅಳಿಸಿಬಿಡಬಹುದು. ಹಾಗಾಗಿ ನನ್ನ ಒಲವು 1984ರಲ್ಲಿ ಥಾಮಸ್ ಡಿಕ್ಸನ್ ತೋರಿದ ದಾರಿಗೆ: ಬೇರೆ ಬೇರೆ ಕ್ಷಣಗಳ ಸಂಕೇತಗಳಿಂದ ನೀರು, ಕೊಬ್ಬುಗಳನ್ನು ಲೆಕ್ಕ ಹಾಕಿ ಬೇರ್ಪಡಿಸುವುದು. ಮುಂದಿನ ಸುಧಾರಣೆಗಳು ಕ್ಷೇತ್ರದ ಏರುಪೇರನ್ನೂ ಲೆಕ್ಕಕ್ಕೆ ಹಿಡಿದವು. ಸಮಯ ಹೆಚ್ಚು ಬೇಕಾಗಬಹುದು, ನೀರು, ಕೊಬ್ಬು ಅದಲುಬದಲಾಗುವುದೂ ಉಂಟು. ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಆ ತಪ್ಪು ಸಾಮಾನ್ಯವಾಗಿ ತಜ್ಞರ ಕಣ್ಣಿಗೆ ಬೀಳುತ್ತದೆ.