ಮಿನಿ ಟ್ರ್ಯಾಕ್ಟರ್ ಸಹಾಯಧನಕ್ಕೆ ಅರ್ಜಿ ಸಲ್ಲಿಸುವ ರೈತ ಬಾಂಧವರ ಗಮನಕ್ಕೆ: ಹೊಗೆ ಕೊಳವೆಯ ಆಯ್ಕೆ

ಪೀಠಿಕೆ

ಕೃಷಿ ಯಾಂತ್ರೀಕರಣ ಯೋಜನೆಯಡಿ ಮಿನಿ ಟ್ರ್ಯಾಕ್ಟರ್ ಪಡೆಯಲು ಇಚ್ಛಿಸುವ ರೈತರು ಸಾಮಾನ್ಯವಾಗಿ ಅಶ್ವಶಕ್ತಿ, ಬೆಲೆ ಹಾಗೂ ಜೋಡಿಸಬಹುದಾದ ಉಪಕರಣಗಳ ಬಗ್ಗೆ ವಿಚಾರಿಸುತ್ತಾರೆ. ಇಂಜಿನ್ನಿನ ಹೊಗೆ ಯಾವ ಕಡೆಗೆ ಹೊರಬೀಳುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ದ್ರಾಕ್ಷಿ ಚಪ್ಪರದ ಅಡಿಯಲ್ಲಿ, ಕೆಸರು ಗದ್ದೆಯಲ್ಲಿ ಅಥವಾ ಕಣದಲ್ಲಿ ಟ್ರ್ಯಾಕ್ಟರ್ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಹಲವು ವೇಳೆ ಈ ಒಂದು ಅಂಶವೇ ನಿರ್ಧರಿಸುತ್ತದೆ. ಹೊಗೆ ಕೊಳವೆಯ ವಿನ್ಯಾಸವು ಸಾಮಾನ್ಯವಾಗಿ ಮಾದರಿಯೊಂದಿಗೇ ನಿಗದಿಯಾಗಿರುವುದರಿಂದ ಮತ್ತು ಖರೀದಿಯ ನಂತರ ಅದನ್ನು ಮಾರ್ಪಡಿಸುವುದು ಸೂಕ್ತವಲ್ಲದಿರುವುದರಿಂದ, ಅರ್ಜಿಯಲ್ಲಿ ಮಾದರಿಯನ್ನು ನಮೂದಿಸುವ ಮೊದಲೇ ಈ ಕುರಿತು ತೀರ್ಮಾನಿಸುವುದು ಅವಶ್ಯಕ.

ಎರಡು ವಿಧದ ವಿನ್ಯಾಸಗಳು

1. ಮೇಲ್ಮುಖ ಹೊಗೆ ಕೊಳವೆ: ಸೈಲೆನ್ಸರ್ ಅಥವಾ ಅದರ ಕೊಳವೆಯು ಬಾನೆಟ್‌ನ ಮೇಲ್ಭಾಗದಿಂದ ಅಥವಾ ಪಕ್ಕದಿಂದ ನೇರವಾಗಿ ಮೇಲಕ್ಕೆ ನಿಂತಿರುತ್ತದೆ. ಹೊಗೆಯು ಗಾಳಿಯಲ್ಲಿ ಎತ್ತರಕ್ಕೆ ಹೋಗುತ್ತದೆ.

2. ಬಾನೆಟ್ ಒಳಗಿನ ಸೈಲೆನ್ಸರ್: ಸೈಲೆನ್ಸರ್ ಬಾನೆಟ್‌ನ ಒಳಗೆ ಅಡಗಿದ್ದು, ಕೊಳವೆಯ ಬಾಯಿ ಮುಂಭಾಗದಲ್ಲಿ ಅಥವಾ ಪಕ್ಕದಲ್ಲಿ ತಗ್ಗಿನ ಮಟ್ಟದಲ್ಲಿರುತ್ತದೆ. ಬಾನೆಟ್‌ನ ಮೇಲೆ ಯಾವುದೇ ಭಾಗ ಎದ್ದು ನಿಂತಿರುವುದಿಲ್ಲ.

ಕೊಳವೆಯ ದಿಕ್ಕನ್ನು ಮಾತ್ರ ನೋಡಿ ಟ್ರ್ಯಾಕ್ಟರಿನ ಶಕ್ತಿಯನ್ನು ಅಳೆಯಲಾಗದು. ಶಕ್ತಿಯ ವಿವರಕ್ಕೆ ಪರೀಕ್ಷಾ ವರದಿಯನ್ನು ನೋಡತಕ್ಕದ್ದು. ಹೊಲದಲ್ಲಿ ಟ್ರ್ಯಾಕ್ಟರಿನ ಮೇಲ್ಗಡೆ ಏನಿದೆ, ಕೆಳಗಡೆ ಏನಿದೆ ಎಂಬುದನ್ನು ಆಧರಿಸಿ ಆಯ್ಕೆ ಮಾಡಿಕೊಳ್ಳಬೇಕು.

ತೋಟದ ಬೆಳೆಗಳಿಗೆ

ವಿಜಯಪುರ, ಬಾಗಲಕೋಟೆ ಮುಂತಾದ ಜಿಲ್ಲೆಗಳ ದ್ರಾಕ್ಷಿ ತೋಟಗಳಲ್ಲಿ ಚಪ್ಪರದ ತಂತಿಗಳು ಸಾಮಾನ್ಯವಾಗಿ 6ರಿಂದ 7 ಅಡಿ ಎತ್ತರದಲ್ಲಿರುತ್ತವೆ. ಮೇಲ್ಮುಖ ಕೊಳವೆಯು ತಂತಿಗೆ ಅಥವಾ ರೆಂಬೆಗೆ ಸಿಲುಕಿದರೆ ಕೊಳವೆ ಮುರಿಯುವುದು, ತಂತಿ ಸಡಿಲವಾಗುವುದು, ಗೊಂಚಲುಗಳು ಉದುರುವುದು ಮುಂತಾದ ನಷ್ಟಗಳು ಸಂಭವಿಸುತ್ತವೆ. ತಂತಿಗೆ ತಗುಲದಿದ್ದರೂ ಬಿಸಿ ಹೊಗೆಯು ತೀರ ಸಮೀಪದಿಂದ ಬಡಿದಲ್ಲಿ ಎಲೆ ಹಾಗೂ ಕಾಯಿಗಳು ಸುಟ್ಟಂತಾಗುತ್ತವೆ. ಇಂತಹ ತೋಟಗಳಿಗೆ, ಹಾಗೂ ರೆಂಬೆಗಳು ತಗ್ಗಿ ಹರಡುವ ಮಾವು, ಸಪೋಟ ಮತ್ತು ದಾಳಿಂಬೆ ತೋಟಗಳಿಗೆ ಬಾನೆಟ್ ಒಳಗಿನ ಸೈಲೆನ್ಸರ್ ಹೆಚ್ಚು ಅನುಕೂಲಕರ.

ಅಡಿಕೆ ತೋಟದಲ್ಲಿ ಮರಗಳ ನಡುವಿನ ಶಿಫಾರಸಿನ ಅಂತರ 2.7 ಮೀಟರ್. ಬರೀ ಅಡಿಕೆ ಇರುವಲ್ಲಿ ಎತ್ತರದ ಅಡಚಣೆ ಇರುವುದಿಲ್ಲವಾದ್ದರಿಂದ ಟ್ರ್ಯಾಕ್ಟರಿನ ಅಗಲವೇ ಮುಖ್ಯವಾಗುತ್ತದೆ. ಕೋಕೋ, ಬಾಳೆ ಮುಂತಾದ ಮಿಶ್ರ ಬೆಳೆಗಳಿದ್ದಲ್ಲಿ ಮೇಲಿನ ಅಡಚಣೆಯನ್ನೂ ಪರಿಗಣಿಸಬೇಕು.

ಎತ್ತರ ಅಳೆಯುವಾಗ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

• ಫಸಲಿನ ಭಾರಕ್ಕೆ ರೆಂಬೆಗಳೂ ತಂತಿಗಳೂ ಬಾಗುತ್ತವೆ. ಆದ್ದರಿಂದ ಚಾಟನಿಯ ನಂತರದ ಬರಿದಾದ ಚಪ್ಪರವನ್ನು ಅಳೆಯದೆ, ಗೊಂಚಲುಗಳು ತುಂಬಿದ ಕಾಲದ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.
• ಬದು, ಕಾಲುವೆ ದಾಟುವಾಗ ಟ್ರ್ಯಾಕ್ಟರಿನ ಮುಂಭಾಗ ಮೇಲೇಳುತ್ತದೆ. ಕೊಳವೆಯ ತುದಿಗೂ ತಂತಿಗೂ ನಡುವೆ ಸಾಕಷ್ಟು ಅಂತರ ಉಳಿಯಬೇಕು.
• ಟ್ರ್ಯಾಕ್ಟರ್ ಮಗುಚಿದಾಗ ಚಾಲಕನನ್ನು ರಕ್ಷಿಸುವ ಕಮಾನು ಹಾಗೂ ನೆರಳಿನ ಮೇಲ್ಚಾವಣಿ ಕೊಳವೆಗಿಂತ ಎತ್ತರವಾಗಿರಬಹುದು. ಹಾಗಿದ್ದಲ್ಲಿ ಕೊಳವೆ ತಗ್ಗಾಗಿದ್ದ ಮಾತ್ರಕ್ಕೆ ಪ್ರಯೋಜನವಾಗದು.

ಗದ್ದೆ ಮತ್ತು ಕಣದ ಕೆಲಸಕ್ಕೆ

ತುಂಗಭದ್ರಾ ಅಚ್ಚುಕಟ್ಟು ಪ್ರದೇಶದಂತಹ ಭತ್ತದ ಸೀಮೆಯಲ್ಲಿ ಕೆಸರು ಉಳುಮೆಯೇ ಪ್ರಧಾನ. ತಗ್ಗಿನಲ್ಲಿರುವ ಕೊಳವೆಯ ಬಾಯಿಗೆ ಕೆಸರು ಮೆತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಚಕ್ರಗಳು ಹೂತು ಟ್ರ್ಯಾಕ್ಟರ್ ಕುಸಿದಾಗ ಬಾಯಿಯು ನೀರಿನ ಮಟ್ಟಕ್ಕೆ ಸಮೀಪಿಸಬಹುದು. ಇಲ್ಲಿ ಮೇಲ್ಮುಖ ಕೊಳವೆ ಸುರಕ್ಷಿತ.

ಒಕ್ಕಣೆಯ ಸಂದರ್ಭದಲ್ಲಿ ಟ್ರ್ಯಾಕ್ಟರ್ ಒಂದೇ ಸ್ಥಳದಲ್ಲಿ ನಿಂತು ಗಂಟೆಗಟ್ಟಲೆ ಚಲಿಸುತ್ತದೆ. ಸುತ್ತಲೂ ಒಣ ಹುಲ್ಲು, ಹೊಟ್ಟು ಹರಡಿರುತ್ತದೆ. ತಗ್ಗಿನ ಕೊಳವೆಯಿಂದ ಹೊರಡುವ ಬಿಸಿ ಹೊಗೆ ಅಥವಾ ಕಿಡಿ ಹೊಟ್ಟಿಗೆ ತಾಗಿದರೆ ಕಣವೂ ಬಣವೆಯೂ ಬೆಂಕಿಗೆ ಆಹುತಿಯಾಗಬಹುದು. ಒಂದು ವರ್ಷದ ಮೇವು, ಧಾನ್ಯ ಹಾಗೂ ಟ್ರ್ಯಾಕ್ಟರ್ ಒಟ್ಟಿಗೆ ನಷ್ಟವಾಗುವ ಅಪಾಯ ಇದರಲ್ಲಿದೆ. ಬಾನೆಟ್ ಒಳಗಿನ ಸೈಲೆನ್ಸರ್ ಇರುವ ಟ್ರ್ಯಾಕ್ಟರನ್ನು ಕಣದಲ್ಲಿ ಬಳಸುವವರು ಕೊಳವೆಯ ಬಾಯಿ ಇರುವ ಕಡೆಯ ನೆಲವನ್ನು ಗುಡಿಸಿ, ನೀರು ಹಾಗೂ ಮರಳನ್ನು ಹತ್ತಿರದಲ್ಲಿ ಇರಿಸಿಕೊಳ್ಳತಕ್ಕದ್ದು. ಬಾನೆಟ್ ಒಳಗೆ ಸೇರಿದ ಹೊಟ್ಟನ್ನು ಇಂಜಿನ್ ತಣಿದ ನಂತರ ತೆಗೆಯಬೇಕು.

ಚಾಲಕರ ಮತ್ತು ಕೂಲಿಕಾರರ ಆರೋಗ್ಯ

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಇಂಜಿನ್ನಿನ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆದುದರಿಂದ ಹೊಗೆ ಯಾರ ಮುಖಕ್ಕೆ ಬಡಿಯುತ್ತದೆ ಎಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ.

ಸಾಕಷ್ಟು ಎತ್ತರವಿರುವ ಮೇಲ್ಮುಖ ಕೊಳವೆಯು ಹೊಗೆಯನ್ನು ಚಾಲಕನ ತಲೆಯ ಮೇಲೆ ಸಾಗಿಸುತ್ತದೆ. ಆದರೆ ಕೊಳವೆ ಗಿಡ್ಡದಾಗಿದ್ದರೆ ಎದುರುಗಾಳಿಯಲ್ಲಿ ಹೊಗೆ ನೇರವಾಗಿ ಮುಖಕ್ಕೆ ಬರುತ್ತದೆ. ಬಾನೆಟ್ ಒಳಗಿನ ಸೈಲೆನ್ಸರ್ ಇದ್ದಲ್ಲಿ ಹೊಗೆ ನೆಲಮಟ್ಟದಲ್ಲಿ ಹರಡುವುದರಿಂದ, ಪಕ್ಕದಲ್ಲಿ ನಡೆಯುವ ಅಥವಾ ಬಾಗಿ ಕೆಲಸ ಮಾಡುವ ಕೂಲಿಕಾರರಿಗೆ ತೊಂದರೆಯಾಗುತ್ತದೆ. ಕೆಲಸಗಾರರು ಕೊಳವೆಯ ಬಾಯಿ ಇಲ್ಲದ ಬದಿಯಲ್ಲಿ ಇರುವಂತೆ ನೋಡಿಕೊಳ್ಳಬೇಕು.

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಯಾವ ವಿನ್ಯಾಸವಾದರೂ ಮುಚ್ಚಿದ ಕೊಟ್ಟಿಗೆ, ಗೋದಾಮು ಅಥವಾ ಪಾಲಿಹೌಸ್‌ನಲ್ಲಿ ಇಂಜಿನ್ ಚಾಲೂ ಇಟ್ಟು ನಿಲ್ಲಿಸುವುದು ಪ್ರಾಣಾಪಾಯಕಾರಿ.

ನಿರ್ವಹಣೆ

ಮೇಲ್ಮುಖ ಕೊಳವೆಯೊಳಗೆ ಮಳೆನೀರು ಇಳಿಯದಂತೆ ತುದಿಯಲ್ಲಿ ಮುಚ್ಚಳವಿರಬೇಕು ಮತ್ತು ಅದು ಸಲೀಸಾಗಿ ತೆರೆದುಕೊಳ್ಳುತ್ತಿರಬೇಕು. ಸೈಲೆನ್ಸರ್ ಹೊರಗಡೆ ತೆರೆದಿರುವಲ್ಲಿ ತಡೆಜಾಲರಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಇಂಜಿನ್ ನಿಲ್ಲಿಸಿದ ನಂತರವೂ ಕೆಲಕಾಲ ಅದನ್ನು ಮುಟ್ಟಬಾರದು. ಈ ವಿನ್ಯಾಸದಲ್ಲಿ ಇನ್ನೊಂದು ಅನುಕೂಲವೂ ಇದೆ: ಚಾಲಕನಿಗೆ ಹೊಗೆಯ ಬಣ್ಣ ಕಾಣುತ್ತದೆ. ಕಪ್ಪು ಹೊಗೆಯು ಅತಿಭಾರ ಅಥವಾ ಕಟ್ಟಿಕೊಂಡ ಏರ್ ಫಿಲ್ಟರನ್ನೂ, ನೀಲಿ ಹೊಗೆಯು ಇಂಜಿನ್ ಆಯಿಲ್ ಉರಿಯುತ್ತಿರುವುದನ್ನೂ ಸೂಚಿಸುತ್ತದೆ. ತಗ್ಗಿನ ಕೊಳವೆಯಲ್ಲಿ ಇದು ಕಣ್ಣಿಗೆ ಬೀಳದಿರುವುದರಿಂದ ಆಗಾಗ ಇಳಿದು ಪರಿಶೀಲಿಸಬೇಕು.

ಬಾನೆಟ್ ಒಳಗಿನ ಸೈಲೆನ್ಸರಿನಿಂದ ಒಳಭಾಗದ ಬಿಸಿ ಹೆಚ್ಚಾಗುತ್ತದೆ. ರೇಡಿಯೇಟರಿನ ಜಾಲರಿಯನ್ನು ಪ್ರತಿದಿನ ಸ್ವಚ್ಛಗೊಳಿಸುವುದು, ವೈರುಗಳು ಹಾಗೂ ಡೀಸೆಲ್ ಪೈಪುಗಳನ್ನು ಪರೀಕ್ಷಿಸುವುದು ಕಡ್ಡಾಯವೆಂದು ತಿಳಿಯತಕ್ಕದ್ದು.

ಖರೀದಿಯ ನಂತರದ ಮಾರ್ಪಾಡು

ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡುವುದು, ವೆಲ್ಡಿಂಗ್ ಮಾಡಿಸಿ ದಿಕ್ಕು ಬದಲಾಯಿಸುವುದು ಅಥವಾ ಸೈಲೆನ್ಸರನ್ನು ತೆಗೆದುಹಾಕುವುದು ಸರಿಯಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 120ರನ್ವಯ ಕೃಷಿ ಟ್ರ್ಯಾಕ್ಟರಿಗೂ ಸೈಲೆನ್ಸರ್ ಕಡ್ಡಾಯ. ವಾಹನವನ್ನು ತಯಾರಕರ ಮೂಲ ವಿವರಣೆಗೆ ವ್ಯತ್ಯಾಸವಾಗುವಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ನಿರ್ಬಂಧಿಸುತ್ತದೆ. ಇದಲ್ಲದೆ ತಯಾರಕರ ವಾರಂಟಿಗೂ ಧಕ್ಕೆಯಾಗಬಹುದು.

ಅರ್ಜಿ ಸಲ್ಲಿಸುವ ಮೊದಲು

1. ತೋಟದ ಅತ್ಯಂತ ತಗ್ಗಾದ ತಂತಿ ಅಥವಾ ರೆಂಬೆಯ ಎತ್ತರವನ್ನೂ, ಕೊಟ್ಟಿಗೆಯ ಬಾಗಿಲಿನ ಎತ್ತರವನ್ನೂ ಅಳೆದು ಬರೆದಿಟ್ಟುಕೊಳ್ಳುವುದು.
2. ವರ್ಷದಲ್ಲಿ ಟ್ರ್ಯಾಕ್ಟರ್ ಹೆಚ್ಚು ದಿನ ಮಾಡುವ ಕೆಲಸ ಯಾವುದೆಂದು ನಿರ್ಧರಿಸುವುದು. ತೋಟ ಮತ್ತು ಗದ್ದೆ ಎರಡೂ ಇರುವ ರೈತರು, ಬಾಡಿಗೆ ಯಂತ್ರದಿಂದ ಮಾಡಿಸಲು ಕಷ್ಟವಾಗುವ ಕೆಲಸಕ್ಕೆ ಆದ್ಯತೆ ನೀಡುವುದು ಸೂಕ್ತ.
3. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಆಯ್ದ ಮಾದರಿಯ ವರದಿಯನ್ನು ಮಾರಾಟಗಾರರಲ್ಲಿ ಕೇಳಿ, ಒಟ್ಟು ಎತ್ತರ ಹಾಗೂ ಚಾಲಕನ ಕಿವಿಯ ಬಳಿಯ ಶಬ್ದದ ಪ್ರಮಾಣವನ್ನು ನೋಡುವುದು.
4. ಸಾಧ್ಯವಾದಲ್ಲಿ ಸ್ವಂತ ಜಮೀನಿನಲ್ಲಿಯೇ ಪ್ರಾತ್ಯಕ್ಷಿಕೆ ನೀಡುವಂತೆ ಮಾರಾಟಗಾರರನ್ನು ಕೋರುವುದು.
5. ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಸಿದ್ಧಪಡಿಸಿಕೊಳ್ಳುವುದು. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ರೈತರು ಜಾತಿ ಪ್ರಮಾಣ ಪತ್ರವನ್ನೂ ಲಗತ್ತಿಸುವುದು.

ಸಹಾಯಧನದ ಮೊತ್ತ, ಅನುಮೋದಿತ ಮಾದರಿಗಳ ಪಟ್ಟಿ ಮತ್ತು ಇತರ ಷರತ್ತುಗಳು ಆಯಾ ವರ್ಷದ ಮಾರ್ಗಸೂಚಿಗೆ ಒಳಪಟ್ಟಿರುತ್ತವೆ. ಹೆಚ್ಚಿನ ಮಾಹಿತಿಗಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.