ಜಡ್ಜ್ ಯಾರು ಗುರೂ?

ಕಥಾಸ್ಪರ್ಧೆ ಅಂದ ತಕ್ಷಣ ಎಲ್ಲರೂ ಕೇಳೋದು ಎರಡೇ ಪ್ರಶ್ನೆ: ಬಹುಮಾನ ಎಷ್ಟು, ಕೊನೇ ದಿನ ಯಾವತ್ತು? "ಜಡ್ಜ್ ಯಾರು ಗುರೂ?" ಅನ್ನೋದು ನೆನಪಾಗೋದು ಫಲಿತಾಂಶ ಬಂದ ಮೇಲೆ. ಅದನ್ನು ಮೊದಲೇ ಕೇಳಬೇಕು ಅನ್ನೋದು ನಮ್ಮ ವಾದ.

ನಮ್ಮ ಕಡೆ ಇದು ಇನ್ನೂ ಮುಖ್ಯ. ಮಂಚೇನಹಳ್ಳಿ, ಗೌರಿಬಿದನೂರು, ಚಿಂತಾಮಣಿ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಬಂದರೆ ಇಂಗ್ಲಿಷ್. ಅಂಥ ಮನೆಯ ಹುಡುಗಿ ಕಥೆ ಬರೆದರೆ ಅದರಲ್ಲಿ ಅಜ್ಜಿ ತೆಲುಗಿನಲ್ಲೇ ಬೈಯಬಹುದು. ಒಬ್ಬ ತೀರ್ಪುಗಾರರಿಗೆ ಅದು ಕಲಬೆರಕೆ ಕನ್ನಡ, ಇನ್ನೊಬ್ಬರಿಗೆ ಅದೇ ಕಥೆಯ ಜೀವ. ಆ ಹುಡುಗಿ ಮುಂದಿನ ವರ್ಷವೂ ಬರೀತಾಳಾ ಇಲ್ಲವಾ ಅನ್ನೋದು ಇಲ್ಲೇ ತೀರ್ಮಾನ ಆಗಿಬಿಡಬಹುದು.

ಹಾಗಾಗಿ ಒಬ್ಬರೇ ತೀರ್ಪುಗಾರರು ಸಾಲದು. ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೂ ಪ್ರತಿ ಭಾಷೆಗೆ ಮೂವರ ಸಮಿತಿ ಇರುತ್ತೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಕೊಟ್ಟ ಸಮಿತಿಯಲ್ಲಿ ಐವರಿದ್ದರು. ಅವರಲ್ಲಿ ಒಬ್ಬರು ಹಾಡುಗಾರ್ತಿ ಬೆತ್ ಆರ್ಟನ್. ಅಂದ್ರೆ ಎಲ್ಲರೂ ಪ್ರೊಫೆಸರೇ ಆಗಬೇಕಿಲ್ಲ. ನಮಗೆ ಮೂವರು ಸಾಕು: ಒಬ್ಬರು ಕನ್ನಡ ಮೇಷ್ಟ್ರು, ಒಬ್ಬರು ಕಥೆ ಬರೆಯುವವರು, ಒಬ್ಬರು ಈ ಸೀಮೆಯ ಮಾತು ಬಲ್ಲ ಒಳ್ಳೆಯ ಓದುಗರು.

ಇನ್ನು ಅಂಕಗಳ ಲೆಕ್ಕ. ಎರಡು ಕಥೆ ಇವೆ ಅಂತಿಟ್ಟುಕೊಳ್ಳಿ. ಮೊದಲ ತೀರ್ಪುಗಾರರು ಒಂದನೇ ಕಥೆಗೆ 90, ಎರಡನೆಯದಕ್ಕೆ 50 ಕೊಟ್ಟರು. ಉಳಿದ ಇಬ್ಬರೂ ಒಂದನೆಯದಕ್ಕೆ 60, ಎರಡನೆಯದಕ್ಕೆ 70 ಕೊಟ್ಟರು. ಸರಾಸರಿ ತೆಗೆದರೆ ಒಂದನೇ ಕಥೆಗೆ 70, ಎರಡನೆಯದಕ್ಕೆ 63.3. ಮೂವರಲ್ಲಿ ಇಬ್ಬರು ಮೆಚ್ಚಿದ ಕಥೆ ಸೋತಿತು! ಅಂಕವನ್ನು ಧಾರಾಳವಾಗಿ ಏರಿಸಿ ಇಳಿಸುವವರ ಕೈ ಹೀಗೆ ಮೇಲಾಗಿಬಿಡಬಹುದು. ಅದಕ್ಕೇ ಅಂಕ ಕೂಡಿಸುವ ಬದಲು ಪ್ರತಿಯೊಬ್ಬರಿಂದ ಮೊದಲು ರ‍್ಯಾಂಕ್ ಬರೆಸಿಕೊಳ್ಳಬೇಕು, ಆಮೇಲೆ ಮೂವರೂ ಕೂತು ಮಾತಾಡಬೇಕು.

ಇನ್ನೂ ಮೂರು ನಿಯಮ ಇರಲಿ. ಕಥೆಯ ಮೇಲೆ ಹೆಸರು, ಬ್ರ್ಯಾಂಚ್ ಬೇಡ, ನಂಬರ್ ಮಾತ್ರ. ತಮ್ಮ ಶಿಷ್ಯರದ್ದೋ ನೆಂಟರದ್ದೋ ಕಥೆ ಅಂತ ಗೊತ್ತಾದರೆ ಆ ತೀರ್ಪುಗಾರರು ಅದನ್ನು ಬಿಟ್ಟುಕೊಡಬೇಕು. ಕಾಗುಣಿತಕ್ಕೆ ಎಷ್ಟು ಬೆಲೆ, ಕಥೆಗೆ ಎಷ್ಟು ಅನ್ನೋದನ್ನು ಪೋಸ್ಟರ್‌ನಲ್ಲೇ ಹಾಕಬೇಕು.

ಕೊನೆಗೆ, ಸೋತ ಪ್ರತಿ ಕಥೆಗೂ ತೀರ್ಪುಗಾರರಿಂದ ಎರಡು ಸಾಲು ಬರೆಸಿ ಕೊಡೋಣ. ಬಹುಮಾನ ಸಿಗೋದು ಮೂವರಿಗೆ, ಆ ಎರಡು ಸಾಲು ಸಿಗೋದು ಉಳಿದವರಿಗೆಲ್ಲ. ಅದಕ್ಕೆ ಒಪ್ಪುವವರನ್ನೇ ತೀರ್ಪಿಗೆ ಕರೆಯೋಣ.